ಬಿಚ್ಚದೆ ಇಟ್ಟ ತೋಳು

ಒಳಕೋಣೆಯ ಅಕ್ಕನಿಗೆ, ಹೊರಕೋಣೆಯಿಂದ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ನಿನ್ನ ಕ್ಷೇಮಸಮಾಚಾರ ಸಂಜೆಯೊಳಗೆ ತಿಳಿಯುತ್ತದೆ. ಅದು ತಿಳಿಯುವವರೆಗೆ ಕತ್ತರಿ ಹಿಡಿಯಲು ಧೈರ್ಯ ಸಾಲದು, ಅದಕ್ಕೇ ಪೆನ್ನು ಹಿಡಿದಿದ್ದೇನೆ.

ನಗಬೇಡ. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಹೊಲಿಗೆ ಅಂಗಡಿಯಲ್ಲಿ ಗೋಡೆಯ ಆಚೆ ಈಚೆ ಕೂತು, ನಾನು ಕತ್ತರಿಸಿದ್ದನ್ನು ನೀನು ಹೊಲಿಯುತ್ತ ತಲೆ ಬೆಳ್ಳಗೆ ಮಾಡಿಕೊಂಡವರು ನಾವು. ಓರಗಿತ್ತಿಗೆ ಓರಗಿತ್ತಿ ಪತ್ರ ಬರೆದದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ಆದರೆ ಇದನ್ನೆಲ್ಲ ಬಾಯಲ್ಲಿ ಹೇಳಲು ಹೊರಟರೆ ನೀನು ಎರಡನೇ ಮಾತಿಗೇ "ವಾಲ್ಯೂಮ್ ಕಮ್ಮಿ ಮಾಡು" ಅನ್ನುತ್ತೀಯ. ನಾನು ಈ ಮನೆಗೆ ಬಂದ ವಾರದಲ್ಲೇ ನನಗೆ ರೇಡಿಯೋ ಎಂದು ಹೆಸರಿಟ್ಟವಳು ನೀನು. ಕಾಗದಕ್ಕೆ ವಾಲ್ಯೂಮ್ ಇಲ್ಲ. ಅಳತೆ ಇಳಿಸುವ ಕಂದು ಕಾಗದವನ್ನೇ ಹರಿದುಕೊಂಡು ಬರೆಯುತ್ತಿದ್ದೇನೆ, ಪೂರ್ತಿ ಓದಬೇಕು.

ಬೆಳಿಗ್ಗೆ ನೀನು ಆಸ್ಪತ್ರೆಗೆ ಹೊರಟಾಗ ನಾನೂ ಚಪ್ಪಲಿ ಮೆಟ್ಟಿ ನಿಂತಿದ್ದೆ. ಬಾಗಿಲಲ್ಲೇ ನೀನು ತಡೆದೆ. "ನೀನು ಬರಬೇಡ. ಅಲ್ಲಿ ನನ್ನ ಹೆಸರು ಕೂಗೋ ಹೊತ್ತಿಗೆ ನಿನ್ನ ಎದೆ ಮತ್ತೆ ಕೈಕೊಡುತ್ತೆ. ಒಬ್ಬಳನ್ನ ತೋರಿಸೋಕೆ ಹೋಗಿ ಇಬ್ಬರೂ ಮಲಗಿ ಬಂದದ್ದು ಒಂದ್ಸಲಕ್ಕೆ ಸಾಕು." ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ, ಯಾವತ್ತಿನ ಹಾಗೆ, ಅತ್ತಿಗೆಯ ಮಾತಿಗೇ ತಲೆಯಾಡಿಸಿದರು. ಹೆಂಡತಿಯ ಮಾತು ಕೇಳದಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತದೆ, ಅತ್ತಿಗೆಯ ಮಾತು ಕೇಳದಿದ್ದರೆ ಅವಳು ಬೈಯುವುದೂ ಇಲ್ಲ ಎಂಬುದು ಅವರ ಲೆಕ್ಕ. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ.

ಇವತ್ತಿನ ಸ್ಕ್ಯಾನಿನಲ್ಲಿ ತಿಳಿಯಬೇಕಾದದ್ದು ಒಂದೇ ಸಂಗತಿ. ಹೃದಯಾಘಾತವಾದಾಗ ನಿನ್ನ ಎದೆಯ ಮಾಂಸದಲ್ಲಿ ಸತ್ತದ್ದು ಎಷ್ಟು, ಬರೀ ಮಂಕು ಬಡಿದು ಮಲಗಿದ್ದು ಎಷ್ಟು ಎಂಬುದು. ಮಲಗಿದ್ದು ಎದ್ದಿದ್ದರೆ ನೀನು ಮಿಷನ್ನಿಗೆ ವಾಪಸು ಬರುತ್ತೀಯ. ಏಳದಿದ್ದರೆ ಕುರ್ಚಿ ಬಿಟ್ಟು ಏಳುವುದಕ್ಕೂ ಏದುಸಿರು, ಮಿಷನ್ನಿನ ಮಾತೇ ಇಲ್ಲ. ಡಾಕ್ಟರಮ್ಮ ಹೀಗೆಯೇ ಬಿಡಿಸಿ ಹೇಳಿದ್ದರು, ಆಗ ಇಬ್ಬರೂ ಕೇಳಿಸಿಕೊಂಡೆವು, ಆಮೇಲೆ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ಎದುರಿಗೆ ಗೂಟದಲ್ಲಿ ಆ ಕೋಟು ತೂಗುತ್ತಿದೆ. ಬ್ಯಾಂಡಿನಲ್ಲಿ ಕಹಳೆ ಊದುವ ಗಿರಾಕಿ, ನಮ್ಮ ಕಹಳೆಯವರ ಕಡುನೀಲಿ ಕೋಟು. ಬಲದ ತೋಳು ಇನ್ನೂ ಹಿಂದುಮುಂದಾಗಿಯೇ ಇದೆ. ನಾನು ಮುಟ್ಟಿಲ್ಲ.

ನಮ್ಮತ್ತೆಯ ಕಟ್ಟಳೆ ನಿನಗೆ ಹೇಳಿಕೊಡಬೇಕಾಗಿಲ್ಲ. "ಯಾರು ಹೊಲಿದ್ರೋ ಅವರೇ ಬಿಚ್ಚಬೇಕು." ಇನ್ನೊಬ್ಬರ ಹೊಲಿಗೆ ಬಿಚ್ಚುವ ಕೈ ಅವಸರ ಮಾಡುತ್ತದೆ, ದಾರದ ಜೊತೆ ಬಟ್ಟೆಯೂ ಹೋಗುತ್ತದೆ ಎಂದು ಅವರ ವಾದ. ಹೊಸದರಲ್ಲಿ ನಾನೊಂದು ಕಾಲರು ಹೊಲಿದು, ಅದು ನಾಯಿಕಿವಿಯ ಹಾಗೆ ಜೋತುಬಿದ್ದು, ಬಿಚ್ಚಲಾರದೆ ಅಳುತ್ತ ಕೂತಿದ್ದಾಗಲೂ ಅವರು ನಿನ್ನನ್ನು ಸಹಾಯಕ್ಕೆ ಬಿಡಲಿಲ್ಲ. ನೀನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳು ತೋರಿಸುತ್ತಿದ್ದೆ, ಅಷ್ಟೇ. ಆ ಕಾಲರಿನ ಮೇಲೆ ಹೊಲಿಗೆ ನನ್ನ ಕೆಲಸವಲ್ಲವೆಂದು ಎಲ್ಲರಿಗೂ ಗೊತ್ತಾಗಿ ನನ್ನ ಕೈಗೆ ಕತ್ತರಿ ಬಂತು. ಅತ್ತೆ ಹೋಗಿ ಎಷ್ಟು ಕಾಲವಾಯಿತು, ಕಟ್ಟಳೆ ಉಳಿದಿದೆ.

ಇನ್ನು ಮೋಟಾರಿನ ವಿಷಯ. ಅದನ್ನು ಬಿಟ್ಟು ಪತ್ರ ಬರೆದರೆ ನಾನು ನಾನಲ್ಲ.

ನಿನ್ನ ಮಿಷನ್ನಿನ ಸದ್ದು ನನಗೆ ಗೋಡೆ ಗಡಿಯಾರವಿದ್ದ ಹಾಗೆ. ಇರುವಾಗ ಕೇಳಿಸುವುದಿಲ್ಲ, ನಿಂತರೆ ಕೇಳಿಸುತ್ತದೆ. ಕೆಲವು ತಿಂಗಳಿಂದ ಅದು ನಡುನಡುವೆ ನಿಲ್ಲುತ್ತಿತ್ತು. ಒಂದು ಉದ್ದ ಹೊಲಿಗೆಯನ್ನು ಒಂದೇ ಉಸಿರಲ್ಲಿ ಎಳೆಯುತ್ತಿದ್ದ ನೀನು ಮಧ್ಯೆ ಪೆಡಲ್ ಬಿಟ್ಟು ಸುಮ್ಮನೆ ಕೂರುತ್ತಿದ್ದೆ. ವಯಸ್ಸಾಯಿತು, ಕಾಲು ಸೋತಿದೆ ಎಂದುಕೊಂಡು ನಾನು ಮೋಟಾರು ಕೂರಿಸುವವನನ್ನು ಕರೆಸಿದೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ನೀನು ಅವನಿಗೆ ಚಹಾ ಕೊಟ್ಟು, ಬಿಸ್ಕತ್ತೂ ಕೊಟ್ಟು, ಕಳಿಸಿಬಿಟ್ಟೆ. ಆಮೇಲೆ ನನ್ನ ಕಡೆ ತಿರುಗಿ "ಕಾಲು ನನ್ನದು, ಮಿಷನ್ ನನ್ನದು. ನಿನಗೇನು ಕಷ್ಟ?" ಎಂದು ಕೇಳಿದೆ. ಅಲ್ಲಿಗೆ ಮಾತು ನಿಂತಿತು.

ನೂರು ಜುಟ್ಟು ಕೂಡಿದರೂ ಎರಡು ಜಡೆ ಕೂಡುವುದಿಲ್ಲ ಅನ್ನುತ್ತಾರೆ. ನಮ್ಮಿಬ್ಬರ ಜಡೆಗಳೂ ಈಗ ಇಲಿಬಾಲದಷ್ಟಾಗಿವೆ, ಆದರೂ ಗಾದೆ ಸುಳ್ಳಾಗಿಲ್ಲ. ಮಾತು ಬಿಟ್ಟಾಗ ನಮಗೆ ನಮ್ಮದೇ ಒಂದು ಪದ್ಧತಿ ಉಂಟು. ನೀನು ಹೇಳಬೇಕಾದದ್ದನ್ನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀರುತ್ತೀಯ. ನಾನು ಗೋಡೆಗೆ ಹೇಳುತ್ತೇನೆ, ಗೋಡೆ ನಿನಗೆ ಹೇಳುತ್ತದೆ. ಊಟಕ್ಕೆ ಕೂತಾಗ ನಿನ್ನ ಮೈದುನ ಅಂಚೆಯವನಾಗುತ್ತಾರೆ. "ಅತ್ತಿಗೆಗೆ ಉಪ್ಪು ಬೇಕಂತೆ" ಎಂದು, ಉಪ್ಪಿನ ಡಬ್ಬಿ ನನ್ನ ಮೊಣಕೈಗೂ ನಿನ್ನ ಮೊಣಕೈಗೂ ನಡುವೆ ಇರುವಾಗ ಅವರು ಹೇಳುತ್ತಿದ್ದರು. ಆ ಸಲದ ಮುನಿಸು ಸ್ವಲ್ಪ ಉದ್ದಕ್ಕೇ ಎಳೆಯಿತು. ಇಬ್ಬರ ಕೋಪವೂ ಮೂಗಿನ ತುದಿಯಲ್ಲಿ, ಇಬ್ಬರ ಮೂಗೂ ಉದ್ದ.

ಆ ಮುನಿಸಿನಲ್ಲೇ ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ, ಪರದೆಯ ಸಂದಿಯಿಂದ ನಿನ್ನ ಕೈ ಬಂದು ಕೋಟನ್ನು ಗೂಟಕ್ಕೆ ಸಿಕ್ಕಿಸಿ ಹೋಯಿತು. ಇಸ್ತ್ರಿಗೆಂದು ನಾನು ಅದನ್ನು ಮೇಜಿನ ಮೇಲೆ ಹರವಿದೆ. ಬಲದ ತೋಳು ಮೊಣಕೈ ಮುರಿದವರ ಹಾಗೆ ಹಿಂದಕ್ಕೆ ಬಾಗಿತ್ತು. ಅದನ್ನು ಹಿಂದುಮುಂದಾಗಿ ಕೂರಿಸಿದ್ದೆ ನೀನು.

ನಿಜ ಹೇಳಿಬಿಡುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ಸಿಕ್ಕಿಬಿದ್ದೆಯಲ್ಲ ಅಕ್ಕಯ್ಯ ಎಂದುಕೊಂಡೆ. ಮೋಟಾರು ಬೇಡವಂತೆ, ಕಾಲು ಗಟ್ಟಿ ಇದೆಯಂತೆ, ತೋಳು ಮಾತ್ರ ಬೆನ್ನು ಕೆರೆಯಲು ಹೊರಟಿದೆ. ಇಡೀ ಒಂದು ವರ್ಷಕ್ಕೆ ಸಾಕಾಗುವಷ್ಟು ಮಾತು ನಾಲಿಗೆಯ ಮೇಲೆ ಬಂದು ಕೂತಿತು. ಕೋಟನ್ನು ಬಾವುಟದ ಹಾಗೆ ಎತ್ತಿ ಹಿಡಿದು ಪರದೆಯವರೆಗೆ ನಡೆದೆ. ಪರದೆಗೆ ಕೈ ಹಾಕಿದಾಗ ಹೊಳೆಯಿತು. ನೀನು ತಪ್ಪು ಮಾಡುವವಳಲ್ಲ. ಭಾವ ತೀರಿಕೊಂಡು ನೀನು ಮತ್ತೆ ಮಿಷನ್ನಿಗೆ ಕೂತ ದಿನ, ಕಣ್ಣು ಕಾಣದಷ್ಟು ನೀರು ತುಂಬಿದ್ದಾಗಲೂ, ಆರು ಅಂಗಿಗಳ ತೋಳು ಕೂರಿಸಿ ಒಂದನ್ನೂ ಬಿಚ್ಚಲಿಲ್ಲ. ಅಂಥ ಕೈ ಇವತ್ತು ಹಿಂದುಮುಂದು ತಪ್ಪಿದೆಯೆಂದರೆ ತಪ್ಪಿರುವುದು ಕೈಯಲ್ಲ.

ಪರದೆ ಸರಿಸಿದೆ. ನೀನು ದವಡೆಗೆ ಕೈ ಒತ್ತಿಕೊಂಡು ಕೂತಿದ್ದೆ. ಹಣೆಯ ಬೆವರು ಹುಬ್ಬಿನವರೆಗೆ ಇಳಿದಿತ್ತು. ಮುಖ ಬಿಳಿಚಿ ಲೈನಿಂಗ್ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಏನಾಯಿತು ಎಂದು ನಾನು ಕೇಳಿದರೆ, ಅಷ್ಟರಲ್ಲೂ ನಿನ್ನ ಉತ್ತರ ನೋಡು. "ಏನಿಲ್ಲ, ಗ್ಯಾಸು. ದವಡೆ ಯಾಕೋ ಹಿಡಿದಂಗಿದೆ. ನಾವು ಮಾತು ಬಿಟ್ಟಿದ್ದೀವಲ್ಲ, ನೀನ್ಯಾಕೆ ಮಾತಾಡಿಸ್ತಿದ್ದೀಯ?"

ಆಸ್ಪತ್ರೆಯವರೆಗೆ ಪಕ್ಕದ ಅಂಗಡಿಯವರ ಕಾರಿನಲ್ಲಿ ನಾನು ಬಾಯಿ ಮುಚ್ಚಲಿಲ್ಲ. ಸಿಗ್ನಲ್ ದೀಪಕ್ಕೆ ಬೈದೆ, ಮುಂದಿನ ಬಸ್ಸಿಗೆ ಬೈದೆ, ನಿನಗಂತೂ ದಾರಿಯುದ್ದಕ್ಕೂ ಬೈದೆ. ನೀನು ಕಣ್ಣು ಮುಚ್ಚಿಕೊಂಡು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದೆ. ಇಸಿಜಿ ಪಟ್ಟಿ ಹೊರಬಂದ ಕೂಡಲೇ ಅಲ್ಲಿದ್ದವರ ನಡಿಗೆ ಚುರುಕಾಯಿತು. ಹೃದಯಾಘಾತ, ಒಂದು ರಕ್ತನಾಳ ಮುಚ್ಚಿದೆ, ಈಗಲೇ ಬಿಡಿಸಬೇಕು ಎಂದರು. ನಿನ್ನನ್ನು ತಳ್ಳುಗಾಡಿಗೆ ಹಾಕಿದರು. ನಿನ್ನ ಕನ್ನಡಕ ನನ್ನ ಕೈಗೆ ಬಂತು. ಅದನ್ನು ಹಿಡಿದುಕೊಂಡು ನಾನು ಬೆಂಚಿನ ಮೇಲೆ ಕೂತೆ.

ಆಗ ನನ್ನ ಎದೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು. ಭಯಕ್ಕೆ ಹೀಗಾಗುತ್ತದೆ, ಎದೆ ಧಸಕ್ ಅಂದಿದೆ, ಅಷ್ಟೇ ಎಂದುಕೊಂಡೆ. ನಿನ್ನ ಮೈದುನ ಬಂದ ಮೇಲೆ ಮನೆಗೆ ಹೋಗಿ ನಿನ್ನ ಬಟ್ಟೆ, ಹಲ್ಲುಜ್ಜುವ ಬ್ರಷ್ಷು ತರಬೇಕು, ಹಾಗೇ ಸ್ವಲ್ಪ ಹೊತ್ತು ಅಡ್ಡಾಗಬೇಕು ಎಂದು ಯೋಚಿಸುತ್ತಿದ್ದೆ. ಯಾರಿಗೂ ಏನೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ.

ಲಿಫ್ಟಿನ ಬಾಗಿಲು ತೆರೆದಿತ್ತು. ನಿನ್ನ ಗಾಡಿಯ ಮುಂದಿನ ಗಾಲಿ ಒಳಗೆ ಹೋಗಿತ್ತು. ನೀನು ಕತ್ತು ತಿರುಗಿಸಿ ನನ್ನನ್ನು ಹುಡುಕಿದೆ. ಕನ್ನಡಕವಿಲ್ಲದೆ ನಿನಗೆ ಹತ್ತು ಹೆಜ್ಜೆ ಆಚೆಯ ಮುಖವೇ ಕಾಣುವುದಿಲ್ಲ. ಆದರೂ ಡ್ರಿಪ್ಪು ಚುಚ್ಚಿದ್ದ ಕೈಯನ್ನೇ ಎತ್ತಿ ಗಾಡಿಯ ಕಂಬಿ ಹಿಡಿದುಕೊಂಡು "ತಡೀರಿ" ಅಂದೆ. "ಅವಳನ್ನ ಯಾರಾದ್ರೂ ನೋಡಿ. ಅವಳು ಸುಮ್ಮನೆ ಕೂತಿದ್ದಾಳೆ."

ನರ್ಸು ಪಾಪ, ಸಮಾಧಾನ ಹೇಳಿದಳು. "ಗಾಬರಿ ಆಗಿರುತ್ತೆ ಅಮ್ಮ, ಎಲ್ಲರೂ ಹಾಗೇ ಸುಮ್ಮನಾಗಿಬಿಡ್ತಾರೆ."

"ನಿಮಗೆ ಗೊತ್ತಿಲ್ಲ ಸಿಸ್ಟರ್. ನನ್ನ ಗಂಡ ಹೋದ ದಿನವೂ ಅವಳು ಸುಮ್ಮನಿರಲಿಲ್ಲ. ಅವಳ ಬಾಯಿ ನಿಂತಿದೆ ಅಂದ್ರೆ ಒಳಗೆ ಏನೋ ಕೆಟ್ಟಿದೆ. ಅವಳನ್ನ ನೋಡ್ತೀನಿ ಅಂತ ಹೇಳಿ, ಆಮೇಲೆ ನನ್ನ ಕರ್ಕೊಂಡು ಹೋಗಿ."

ಅಕ್ಕ, ನಿನ್ನ ಎದೆಯಲ್ಲಿ ರಕ್ತ ಹರಿಯುವ ದಾರಿ ಮುಚ್ಚಿತ್ತು. ಒಂದೊಂದು ಗಳಿಗೆ ಹೋದ ಹಾಗೂ ಒಂದೊಂದು ಚೂರು ಮಾಂಸ ಸಾಯುತ್ತಿತ್ತು. ಅಂಥ ಹೊತ್ತಿನಲ್ಲಿ ನೀನು ಕಂಬಿ ಹಿಡಿದು ನನ್ನ ಪರವಾಗಿ ಜಗಳಕ್ಕೆ ನಿಂತೆ. ಆ ನರ್ಸು ನನ್ನ ಕೈ ಹಿಡಿದು ನಾಡಿ ನೋಡಿದಳು, ಆಮೇಲೆ ಅವಳ ನಡಿಗೆಯೂ ಚುರುಕಾಯಿತು. ನನ್ನ ಇಸಿಜಿ ಪಟ್ಟಿಯೂ ನಿನ್ನದರ ಹಾಗೇ ಇತ್ತಂತೆ. ರಕ್ತದೊತ್ತಡ ಇಳಿಯುತ್ತಿತ್ತಂತೆ. ಮನೆಗೆ ಹೋಗಿ ಒಬ್ಬಳೇ ಮಲಗಿದ್ದರೆ ಏನಾಗುತ್ತಿತ್ತೋ ಹೇಳಲಾಗುವುದಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಈ ಪತ್ರ ಬರೆಯುತ್ತಿರುವ ಕೈ ನಿನ್ನ ದೆಸೆಯಿಂದ ಇನ್ನೂ ಬೆಚ್ಚಗಿದೆ.

ನನಗೂ ನಳಿಗೆ ತೂರಿಸಿ ನೋಡಿದರು. ರಕ್ತನಾಳಗಳೆಲ್ಲ ಸ್ವಚ್ಛ, ಎಲ್ಲೂ ತಡೆಯಿಲ್ಲ. ಆದರೂ ಹೃದಯದ ಕೆಳಭಾಗ ಮಿಡಿಯುತ್ತಲೇ ಇಲ್ಲ. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಕತ್ತು ಬಿಗಿದು ತಳ ಉಬ್ಬಿದ ಮಡಕೆ. ಜಪಾನಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಸಮುದ್ರಕ್ಕೆ ಬಿಡುವ ಮಡಕೆ ಹೀಗೇ ಇರುತ್ತದಂತೆ, ಈ ಕಾಯಿಲೆಗೆ ಆ ಮಡಕೆಯ ಹೆಸರನ್ನೇ ಇಟ್ಟಿದ್ದಾರಂತೆ. ನನಗೆ ಅದು ತಲೆಕೆಳಗಾದ ಪಫ್ ತೋಳಿನ ಹಾಗೆ ಕಂಡಿತು. ಭಯವೋ ದುಃಖವೋ ಒಮ್ಮೆಗೇ ನುಗ್ಗಿ ಬಂದಾಗ ಮೈಯಲ್ಲಿ ಏನೇನೋ ರಸ ಉಕ್ಕಿ ಹೃದಯಕ್ಕೆ ಮಂಕು ಹಿಡಿಸುತ್ತದೆ, ಸತ್ತಿರುವುದಿಲ್ಲ, ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನಾಗಿ ಎದ್ದು ಕೂರುತ್ತದೆ ಎಂದರು.

ನಿನ್ನ ವಿಷಯಕ್ಕೆ ಬಂದಾಗ ಅವರ ದನಿ ನಿಧಾನವಾಯಿತು. "ದಾರಿ ಬಿಡಿಸಿ ಒಳಗೆ ಸ್ಟೆಂಟ್ ಇಟ್ಟಿದ್ದೀವಿ, ರಕ್ತ ಚೆನ್ನಾಗಿ ಹೋಗ್ತಿದೆ. ಆದ್ರೆ ರಕ್ತ ಬಂತು ಅಂತ ಮಾಂಸ ಕೂಡ್ಲೇ ಏಳಲ್ಲ. ಇವರದ್ದೂ ಸದ್ಯಕ್ಕೆ ಮಂಕಾಗಿದೆ. ಅದರಲ್ಲಿ ಎಷ್ಟು ಮಲಗಿದೆ, ಎಷ್ಟು ಹೋಗಿದೆ ಅಂತ ಈಗ ಹೇಳೋಕಾಗಲ್ಲ. ಕಾಯಬೇಕು." ಎರಡೂ ಒಂದೇನಾ ಎಂದು ನಾನು ಕೇಳಿದೆ. "ಪರದೆ ಮೇಲೆ ನೋಡಿದ್ರೆ ಅಕ್ಕತಂಗೀರ ಹಾಗೆ ಕಾಣುತ್ತೆ. ಕಾರಣ ಬೇರೆ. ಅವರದ್ದು ರಕ್ತ ಸಿಗದೆ ಸೋತದ್ದು, ನಿಮ್ಮದು ಹೆದರಿ ಸೋತದ್ದು." ಪಕ್ಕದ ಮಂಚದಿಂದ ನಿನ್ನ ದನಿ ಬಂತು. "ಮೊದಲಿನಿಂದಲೂ ಅವಳದ್ದು ಇದೇ ಬುದ್ಧಿ ಡಾಕ್ಟ್ರೇ. ನನ್ನದು ನೋಡಿ ಕಾಪಿ ಹೊಡೀತಾಳೆ."

ಡಾಕ್ಟರಮ್ಮ ನಕ್ಕರು. ತುಂಬಾ ಹತ್ತಿರದವರಿಗೆ ಏನಾದರೂ ಆದರೆ ಹೀಗಾಗುವುದುಂಟು ಎಂದು ಹೇಳಿ, "ಇವರು ನಿಮಗೆ ಏನಾಗಬೇಕು? ಒಡಹುಟ್ಟಿದ ಅಕ್ಕನಾ?" ಎಂದು ಕೇಳಿದರು. ಓರಗಿತ್ತಿ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಓರಗಿತ್ತಿಯಿಂದ ಎದೆನೋವು ಬಂದೋರನ್ನ ಬೇಕಾದಷ್ಟು ಜನ ನೋಡಿದ್ದೀನಿ. ಓರಗಿತ್ತಿಗೋಸ್ಕರ ಎದೆ ಕೆಡಿಸ್ಕೊಂಡೋರನ್ನ ಇವತ್ತೇ ನೋಡಿದ್ದು."

ನೀನು ಗೋಡೆಯ ಕಡೆ ಹೊರಳಿಕೊಂಡೆ. ಆ ಸಂಜೆ ನಾನು ಎಷ್ಟು ಮಾತಾಡಿದರೂ ವಾಲ್ಯೂಮ್ ಕಮ್ಮಿ ಮಾಡು ಅನ್ನಲಿಲ್ಲ.

ಆ ವಾರ್ಡಿನ ದಿನಗಳನ್ನು ನೆನೆದರೆ ನನಗೆ ನಗು ಬರುತ್ತದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಸುಖವೂ ಆಗುತ್ತದೆ. ನಿನ್ನ ಮೈದುನ ಕುರ್ಚಿಯನ್ನು ಯಾವ ಮಂಚದ ಹತ್ತಿರ ಹಾಕಬೇಕೆಂದು ತಿಳಿಯದೆ ಸರಿಯಾಗಿ ನಡುವೆ ಹಾಕಿಕೊಂಡು, ಒಂದು ಕಿತ್ತಳೆ ಸುಲಿದು ತೊಳೆಗಳನ್ನು ಅತ್ತ ಒಂದು ಇತ್ತ ಒಂದು ಹಂಚುತ್ತಿದ್ದರು. ನೀನು ಆಸ್ಪತ್ರೆಯ ಅಂಗಿಯ ಅಂಚು ತಿರುಗಿಸಿ ನೋಡಿ "ಇದನ್ನ ಹೊಲಿದೋರು ಯಾರು? ಲಾಡಿ ಕಟ್ಟೋಕೆ ಮೂರನೇ ಕೈ ಬೇಕು" ಎಂದು ಗೊಣಗಿದೆ. ಎರಡು ಮಂಚದ ನಡುವೆ ಗೋಡೆಯಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಮಾತಾಡುವಾಗ ನಿನ್ನ ಮುಖ ಕಾಣುತ್ತಿತ್ತು. ನಾನು ಹೇಳುವ ಪ್ರತಿ ಮಾತಿಗೂ ನಿನ್ನ ಮುಖದಲ್ಲಿ ಏನಾದರೊಂದು ಆಗುತ್ತಿತ್ತು. ನೀನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೀಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲಿನ ದಿನಗಳು ಅಷ್ಟು ಚೆನ್ನಾಗಿರಲಿಲ್ಲ. ನೀನು ಒಳಮನೆಯ ಕುರ್ಚಿಯಲ್ಲಿ ಕೂತು ಕಿಟಕಿ ನೋಡುತ್ತಿದ್ದೆ. ನಾನು ಅಂಗಡಿ ಬಾಗಿಲು ತೆಗೆದು ಸಣ್ಣಪುಟ್ಟ ಕೆಲಸ ಮಾತ್ರ ಹಿಡಿಯುತ್ತಿದ್ದೆ. ಕಹಳೆಯವರು ಕೋಟು ಕೇಳಲು ಬಂದರು. ತೋಳು ನೋಡಿ ಬೆಚ್ಚಿದರು. ಒಂದು ತೋಳು ತಾನೆ, ನೀವೇ ಬಿಚ್ಚಿ ಇನ್ನೊಬ್ಬ ದರ್ಜಿಯ ಹತ್ತಿರ ಕೂರಿಸಿಕೊಡಿ ಎಂದು ಮುಖ ಗಂಟಿಕ್ಕಿದರು. ಎದುರಂಗಡಿಯವರೂ ಅದೇ ಹೇಳಿದರು, ನಿನ್ನ ಮೈದುನ ಕೂಡ ಒಮ್ಮೆ ಬಾಯಿ ಬಿಟ್ಟರು. ಬಿಚ್ಚುವುದೇನು ದೊಡ್ಡ ಕೆಲಸವಲ್ಲ, ಸಣ್ಣ ಕತ್ತರಿ ಹಿಡಿದರೆ ಚಹಾ ಆರುವುದರೊಳಗೆ ಮುಗಿಯುತ್ತದೆ. ಆದರೆ ಆ ದಾರ ನಾನು ಕಿತ್ತರೆ ನೀನು ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗೆ. ಅದನ್ನು ಕಹಳೆಯವರಿಗೆ ಹೇಗೆ ಹೇಳಲಿ? ಅತ್ತೆಯ ಕಟ್ಟಳೆ ಎಂದೆ, ಅಂಗಡಿಯ ಪದ್ಧತಿ ಎಂದೆ, ಹೇಳುತ್ತ ಹೇಳುತ್ತ ಅಳು ಬಂತು. ಅವರು ಸ್ವಲ್ಪ ಹೊತ್ತು ಟೋಪಿ ತಿರುಗಿಸುತ್ತ ನಿಂತರು. "ಇರಲಿ ಬಿಡಿ, ಅವರೇ ಬಂದು ಬಿಚ್ಚಲಿ. ಊದೋಕೆ ಕೋಟು ಯಾಕೆ, ಉಸಿರಿದ್ರೆ ಸಾಕು" ಎಂದು ಹೇಳಿ ಹೋದರು. ಹಳೆಯ ಕೋಟಿನಲ್ಲೇ ಕಾರ್ಯಕ್ರಮ ಮುಗಿಸಿದರಂತೆ. ಅವರ ಋಣವೂ ನಮ್ಮ ಮೇಲಿದೆ.

ಹೋದ ವಾರ ನನ್ನ ಸ್ಕ್ಯಾನ್ ಆಯಿತಲ್ಲ. ಉಬ್ಬಿದ್ದ ತಳ ಈಗ ಚೆನ್ನಾಗಿ ಹಿಂಡುತ್ತಿದೆ, ಏನೂ ಆಗೇ ಇಲ್ಲವೇನೋ ಅನ್ನೋ ಹಾಗಿದೆ ಎಂದರು. ಹೋದ ಜೀವ ಬಂದಂತಾಗಬೇಕಿತ್ತು. ಆದರೆ ನೀನು ಬಾಗಿಲಲ್ಲಿ ಕಾಯುತ್ತ ನಿಂತಿದ್ದದ್ದು ಕಂಡು ನನಗೆ ಸಂತೋಷ ಪಡಲು ಸಂಕೋಚವಾಯಿತು. ನನ್ನದು ಎದ್ದು ನಿನ್ನದು ಏಳದಿದ್ದರೆ ನಾನು ಆ ಗಟ್ಟಿ ಎದೆ ಇಟ್ಟುಕೊಂಡು ಏನು ಮಾಡಲಿ? ನೀನು ಮಾತ್ರ ಕಾಗದ ಕಿತ್ತುಕೊಂಡು ಓದಿ, ನನ್ನ ತಲೆಗೆ ಮೊಟಕಿ, "ನಾನು ಹೇಳ್ಲಿಲ್ವಾ, ಬರೀ ನಾಟಕ" ಅಂದೆ. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡೆ. ಆ ನೀರಿನ ಸದ್ದನ್ನು ನಾನು ಮರೆಯುವುದಿಲ್ಲ.

ಈಗ ಮುಖ್ಯವಾದ ಮಾತು. ಇದನ್ನು ಹೇಳಲಿಕ್ಕೇ ಇಷ್ಟು ಸುತ್ತಿ ಬಂದೆ.

ಮೊನ್ನೆ ನಿನ್ನ ಮಿಷನ್ನಿಗೆ ಎಣ್ಣೆ ಬಿಡಲು ಒಳಕೋಣೆಗೆ ಹೋಗಿದ್ದೆ. ನಿನ್ನ ಸ್ಟೂಲಿನ ಮೇಲೆ ಕೂತೆ. ಇಷ್ಟು ವರ್ಷದಲ್ಲಿ ನಾನು ಅಲ್ಲಿ ಕೂತಿರಲೇ ಇಲ್ಲ ನೋಡು. ಸೂಜಿಯ ಕಣ್ಣು ಕಾಣಲಿಲ್ಲ. ಹಗಲು ಹೊತ್ತಿನಲ್ಲೂ ದೀಪ ಹಾಕಬೇಕಾಯಿತು. ಬೆಳಕಿರುವ ಕಿಟಕಿ ಇರುವುದು ಕೋಣೆಯ ಆ ತುದಿಗೆ. ನಾನು ಮದುವೆಯಾಗಿ ಬಂದಾಗ ಮಿಷನ್ ಆ ಕಿಟಕಿಯ ಕೆಳಗೇ ಇತ್ತು. ಸ್ವಲ್ಪ ದಿನಕ್ಕೆ ನೀನು ಅದನ್ನು ಈ ಗೋಡೆಗೆ ತಂದು ಹಾಕಿಸಿಕೊಂಡೆ. ಕಿಟಕಿಯ ಬಿಸಿಲು ಕಣ್ಣು ಕುಕ್ಕುತ್ತದೆ ಎಂದು ಅತ್ತೆಗೆ ಹೇಳಿದ್ದೆ. ನಾವೆಲ್ಲ ನಂಬಿದ್ದೆವು. ನಾನು ಎಣ್ಣೆ ಡಬ್ಬಿ ಹಿಡಿದೇ ಎದ್ದು ಹೋಗಿ ಆ ಕಿಟಕಿಯಿಂದ ಹೊರಗೆ ನೋಡಿದೆ. ಎದುರಿಗೆ ಪಕ್ಕದ ಕಟ್ಟಡದ ಹಳೆಯ ಎತ್ತರದ ಗೋಡೆ. ಆ ಕಿಟಕಿಗೆ ತಂಪಾದ ಬೆಳಕು ಬರುತ್ತದೆ, ಬಿಸಿಲು ಮಾತ್ರ ಯಾವ ಕಾಲಕ್ಕೂ ಬಂದಿಲ್ಲ.

ವಾಪಸು ಬಂದು ನಿನ್ನ ಸ್ಟೂಲಿನ ಮೇಲೆ ಕೂತೆ. ಹೊರಕೋಣೆಯಲ್ಲಿ ನಿನ್ನ ಮೈದುನ ಯಾರೋ ಗಿರಾಕಿಯ ಜೊತೆ ಮೆಲ್ಲಗೆ ಮಾತಾಡುತ್ತಿದ್ದರು. ಒಂದೊಂದು ಅಕ್ಷರವೂ ಕಿವಿಯ ಹತ್ತಿರ ಹೇಳಿದಂತೆ ಕೇಳಿಸಿತು. ನನ್ನ ಕತ್ತರಿಸುವ ಮೇಜು ಇರುವುದು ಗೋಡೆಯ ಆಚೆ ಬದಿಗೆ, ಸರಿಯಾಗಿ ಅದೇ ಜಾಗದಲ್ಲಿ.

ಅಕ್ಕ, ಹುಡುಗಿ ಹೊಸ ಮನೆಗೆ ಬಂದಿದ್ದಾಳೆ, ಅತ್ತೆಗೆ ಮಾತು ಕಂಡರೆ ಆಗದು, ಗಂಡನಿಗೆ ಮಾತೇ ಬಾರದು, ಇವಳು ಯಾರಿಗೆ ಹೇಳಿಕೊಂಡಾಳು ಎಂದು ನೀನು ಬೆಳಕು ಬಿಟ್ಟು ಕತ್ತಲಿಗೆ ಬಂದು ಕೂತೆ. ಕಣ್ಣು ಕೆಡಿಸಿಕೊಂಡು, ಕನ್ನಡಕ ಹಾಕಿಕೊಂಡು, ವಾಲ್ಯೂಮ್ ಕಮ್ಮಿ ಮಾಡು ಎಂದು ನನ್ನನ್ನೇ ಗದರುತ್ತ, ಒಂದು ದಿನವೂ ಮಿಷನ್ನನ್ನು ಆ ಕಿಟಕಿಗೆ ವಾಪಸು ಒಯ್ಯಲಿಲ್ಲ. ನನ್ನ ಮಾತು ಈ ಮನೆಯವರಿಗೆಲ್ಲ ಗೊತ್ತು. ನನ್ನ ಮೌನ ಗುರುತು ಹಿಡಿಯಲು ಅಷ್ಟು ವರ್ಷ ಕೇಳಿಸಿಕೊಂಡವಳೇ ಬೇಕಿತ್ತು. ಅವತ್ತು ಲಿಫ್ಟಿನ ಬಾಗಿಲಲ್ಲಿ ನಾನು ಬದುಕಿಕೊಂಡದ್ದು ಅದರಿಂದ. ನಿನ್ನ ಋಣ ನಾನು ತೀರಿಸುವುದಿಲ್ಲ, ಹೊತ್ತುಕೊಂಡಿರುತ್ತೇನೆ, ಭಾರವೇನೂ ಇಲ್ಲ.

ಆ ತೋಳು ಹಿಂದುಮುಂದಾದದ್ದಕ್ಕೂ ನಾನು ಕೃತಜ್ಞಳು. ನೀನು ಅವತ್ತೂ ಸರಿಯಾಗಿ ಹೊಲಿದಿದ್ದರೆ ನಾನು ಇಸ್ತ್ರಿ ಮಾಡಿ ಮಡಚಿ ಇಟ್ಟು ಊಟಕ್ಕೆ ಏಳುತ್ತಿದ್ದೆ.

ಬಾಗಿಲ ಹತ್ತಿರ ಕಾರು ನಿಂತ ಸದ್ದು. ಮುಂದಿನದನ್ನು ಆಮೇಲೆ ಬರೆಯುತ್ತೇನೆ.

ಈಗ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೋ.

ಮೊದಲು ನಿನ್ನ ಮೈದುನ ಬಂದರು. ಅವರ ಮುಖ ನೋಡಿ ಮಳೆ ಬರುತ್ತದೋ ಇಲ್ಲವೋ ಎಂಬುದನ್ನೂ ಹೇಳಲಾಗದು. ಹಿಂದೆ ನೀನು ಬಂದೆ. ನಿಧಾನಕ್ಕೆ ಚಪ್ಪಲಿ ಬಿಟ್ಟೆ. ನೀರು ಕುಡಿದೆ. ಕೈ ತೊಳೆದು ಒರೆಸಿಕೊಂಡೆ. ಕೇಳಬೇಕೆಂದು ನಾನು ಬಾಯಿ ತೆರೆದೆ, ಏನೂ ಹೊರಡಲಿಲ್ಲ. ನೀನು ನನ್ನ ಕಡೆ ನೋಡದೆ ಗೂಟದಿಂದ ಕೋಟು ಇಳಿಸಿ ತೋಳಿಗೆ ಹಾಕಿಕೊಂಡು, ನನ್ನ ಮೇಜಿನ ಮೇಲಿನ ಸಣ್ಣ ಕತ್ತರಿ ಎತ್ತಿಕೊಂಡು, ಪರದೆ ಸರಿಸಿ ಒಳಗೆ ಹೋದೆ. ದೀಪದ ಸ್ವಿಚ್ಚು ಟಕ್ ಎಂದಿತು. ಸ್ಟೂಲು ಎಳೆದುಕೊಂಡದ್ದು ಕೇಳಿಸಿತು.

ಗೋಡೆಯ ಆಚೆಯಿಂದ ಹೇಳಿದೆ ನೀನು. "ಒಂದು ಚೂರು ಮೂಲೆ ಸತ್ತಿದೆಯಂತೆ. ಅದು ಏಳಲ್ಲವಂತೆ. ಉಳಿದದ್ದೆಲ್ಲ ಎದ್ದಿದೆ."

ಕೋಟು ಹರವಿಕೊಂಡ ಸದ್ದಿನ ಹಿಂದೆಯೇ, "ಪೆಡಲ್ ತುಳೀಬಹುದಾ ಅಂತ ಕೇಳಿದೆ. ನಿಧಾನಕ್ಕೆ ತುಳೀರಿ, ನಡೆದಷ್ಟೇ ಒಳ್ಳೇದು ಅಂದ್ರು. ಆ ಮೋಟಾರಿನವನಿಗೆ ಹೇಳಿಬಿಡು, ಚಹಾ ಕುಡಿಯೋಕೆ ಬೇಕಾದ್ರೆ ಬರಲಿ."

ಆಮೇಲೆ ದಾರ ಕತ್ತರಿಸುವ ಸದ್ದು. ಟಿಕ್, ಟಿಕ್. ನಾನು ಮೇಜಿನ ಅಂಚು ಹಿಡಿದುಕೊಂಡು ನಿಂತೇ ಇದ್ದೆ. ಕಣ್ಣಿಂದ ಇಳಿದದ್ದು ಈ ಕಾಗದದ ಮೇಲೆ ಬಿದ್ದು ಎರಡು ಸಾಲು ಕಲಸಿಹೋಗಿವೆ, ನೀನು ಓದುವಾಗ ಊಹಿಸಿಕೋ. ಆ ಟಿಕ್ ಟಿಕ್ ನಡುವೆ ನಿಂತಿತು. ನೀನು ಕಿವಿಗೊಟ್ಟು ಕೂತದ್ದು ನನಗೆ ಗೋಡೆಯ ಈಚೆಯಿಂದಲೇ ತಿಳಿಯಿತು.

"ಯಾಕೆ ಸುಮ್ಮನಿದ್ದೀಯ?" ಎಂದು ಕೇಳಿದೆ. ನಿನ್ನ ದನಿಯಲ್ಲಿ ಲಿಫ್ಟಿನ ಬಾಗಿಲಲ್ಲಿ ಕೇಳಿದ ಅದೇ ಗಾಬರಿ ಇತ್ತು. "ಎದೆ ಸರಿಯಾಗಿದೆ ತಾನೆ? ಏನಾದ್ರೂ ಮಾತಾಡು."

ಅಕ್ಕ, ಸರಿಯಾಗಿದೆ. ಎಂದಿಗಿಂತ ಸರಿಯಾಗಿದೆ. ಇಗೋ, ಮಾತಾಡಲು ಹೊರಟೆ. ಪೆನ್ನು ಇಡುತ್ತೇನೆ. ಈ ಕಾಗದ ನಿನ್ನ ಬಾಬಿನ್ ಡಬ್ಬಿಯಲ್ಲಿ ಇರುತ್ತದೆ, ನಾಳೆ ಕಿಟಕಿಯ ಬೆಳಕಿನಲ್ಲಿ ಓದು. ಮಿಷನ್ನನ್ನು ಕಿಟಕಿಯ ಕೆಳಗೆ ಸರಿಸುವ ಯೋಚನೆ ನನಗಿದೆ. ನನ್ನ ಮೇಜೂ ಒಳಕೋಣೆಗೇ ಬರುತ್ತದೆ. ಜಗಳ ಬೇಕಾದರೆ ಆಮೇಲೆ ಆಡೋಣ, ಮುಖ ನೋಡಿಕೊಂಡೇ ಆಡೋಣ.

ಕಿರಿಯಳು ಹಿರಿಯಳನ್ನು ಹರಸುವ ಹಾಗಿಲ್ಲ ಎಂದು ಗೊತ್ತು. ಆದರೂ ಹರಸುತ್ತೇನೆ. ಆ ಸತ್ತ ಮೂಲೆಯ ಪಾಲಿನ ಕೆಲಸವನ್ನು ಉಳಿದ ಮೂಲೆಗಳು ಗೊಣಗದೆ ಹಂಚಿಕೊಳ್ಳಲಿ, ನಿನ್ನ ಕಾಲು ಪೆಡಲಿನ ಮೇಲೆ ಇನ್ನೂ ಬಹುಕಾಲ ಆಡುತ್ತಿರಲಿ.

ಗೋಡೆಯ ಈಚೆಯಿಂದ,
ನಿನ್ನ ರೇಡಿಯೋ